ರಂಗದಿಂದಿಳಿದು ಗುರುವಾದ ನರ್ತಕಿ: ಅಗ್ರಿಪ್ಪಿನಾ ವಾಗನೋವಾ

ರಂಗಸ್ಥಳದ ಮೇಲೆ ಸಾವಿರಾರು ಜನರ ಕಣ್ಮನಗಳನ್ನು ಸೂರೆಗೊಂಡ ಮಹಾನರ್ತಕಿ, ವಯಸ್ಸಾಗಿ ರಂಗದಿಂದ ಇಳಿದ ಮೇಲೆ ಒಳ್ಳೆಯ ಗುರುವಾಗಬಲ್ಲಳೆ? ಯುರೋಪಿನ ಬ್ಯಾಲೆ ನೃತ್ಯದ ಪ್ರಪಂಚದಲ್ಲಿ ಈ ಪ್ರಶ್ನೆ ಬಹುಕಾಲದಿಂದ ಚರ್ಚೆಯಲ್ಲಿದೆ. ಮೇಲುನೋಟಕ್ಕೆ ಉತ್ತರ ಸುಲಭ. ತಾನು ಮಾಡಿ ತೋರಿಸಿದವಳಿಗಿಂತ ಹೆಚ್ಚಾಗಿ ಹೇಳಿಕೊಡಬಲ್ಲವರು ಯಾರು ಎಂದು ಯಾರಾದರೂ ಕೇಳಿಯಾರು. ಆದರೆ ಅನುಭವವು ಬೇರೆಯ ಮಾತನ್ನು ಹೇಳುತ್ತದೆ. ನಮ್ಮ ಹೊಟೇಲುಗಳ ಅಡಿಗೆಮನೆಯನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ದೋಸೆ ಹುಯ್ಯುವ ಕೈ ಇದ್ದವರಿಗೆಲ್ಲ, ಅದನ್ನು ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ತಿಳಿಯುವಂತೆ ಹೇಳುವ ಬಾಯಿ ಇರುವುದಿಲ್ಲ. ಹೀಗೆ ಮಾಡು ಎಂದು ತೋರಿಸುತ್ತಾರೆ; ಹುಡುಗ ಮಾಡುತ್ತಾನೆ; ದೋಸೆ ಹರಿಯುತ್ತದೆ. ಏಕೆ ಹರಿಯಿತೆಂದು ಹೇಳಬಲ್ಲವರು ನೂರರಲ್ಲಿ ಒಬ್ಬರೋ ಇಬ್ಬರೋ ಮಾತ್ರ.

ಏಕೆ ಎಂಬುದನ್ನು ಹೇಳಬಲ್ಲ ಅಂಥ ಒಬ್ಬಾಕೆಯ ಜೀವನವನ್ನು ಇಂದು ನಾವು ವಾಚಕರ ಮುಂದಿಡುತ್ತಿದ್ದೇವೆ. ಆಕೆಯೇ ರಷ್ಯಾದೇಶದ ಅಗ್ರಿಪ್ಪಿನಾ ಯಾಕೊವ್ಲೆವ್ನಾ ವಾಗನೋವಾ. ನರ್ತಕಿಯಾಗಿ ಆಕೆಗೆ ಅಗ್ರಸ್ಥಾನ ದೊರೆತದ್ದು ನಿವೃತ್ತಿಗೆ ಕೆಲವೇ ತಿಂಗಳುಗಳಿರುವಾಗ. ಗುರುವಾಗಿ ಆಕೆಗೆ ದೊರೆತ ಸ್ಥಾನವಾದರೋ ಇಂದಿಗೂ ಅಚ್ಚಳಿಯದೆ ಉಳಿದಿದೆ.

ಬ್ಯಾಲೆ ಎಂಬುದು

ಬ್ಯಾಲೆಯನ್ನು ಕಾಣದವರಿಗಾಗಿ ಎರಡು ಮಾತು ಹೇಳುವುದು ಅಗತ್ಯ. ಇಟಲಿಯ ಅರಮನೆಗಳಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಶಾಸ್ತ್ರವನ್ನು ಪಡೆದು, ರಷ್ಯಾದಲ್ಲಿ ಪ್ರೌಢಾವಸ್ಥೆಗೆ ಬಂದ ನೃತ್ಯ ಇದು. ಮಾತಿಲ್ಲ, ಹಾಡಿಲ್ಲ, ವಾದ್ಯಸಂಗೀತಕ್ಕೆ ಹೊಂದಿಕೊಂಡ ಅಂಗಚಲನೆಯಿಂದಲೇ ಕಥೆಯನ್ನು ನಡೆಸಬೇಕು. ನರ್ತಕಿಯು ಗಟ್ಟಿಮಾಡಿದ ಪಾದರಕ್ಷೆಯನ್ನು ತೊಟ್ಟು ಕಾಲ್ಬೆರಳುಗಳ ತುದಿಯ ಮೇಲೆ ನಿಲ್ಲಬೇಕು, ಸುತ್ತಬೇಕು, ನೆಗೆಯಬೇಕು. ಇದಕ್ಕಾಗಿ ಹತ್ತು ವರ್ಷದ ಎಳೆಯ ವಯಸ್ಸಿನಲ್ಲಿಯೇ ಶಾಲೆಗೆ ಸೇರಿ ಎಂಟು ವರ್ಷಗಳ ಕಾಲ ದಿನವೂ ಸಾಧನೆ ಮಾಡಬೇಕು. ನಲವತ್ತರ ಹೊತ್ತಿಗೆ ದೇಹವು ಸಾಮಾನ್ಯವಾಗಿ ಸೋಲೊಪ್ಪುತ್ತದೆ. ಹೀಗಾಗಿ ಕಲೆಯ ಮರ್ಮವು ಮನಸ್ಸಿಗೆ ಹೊಳೆಯುವ ಕಾಲಕ್ಕೆ ಅದನ್ನು ಕಾಲಿನಲ್ಲಿ ತೋರಿಸುವ ಶಕ್ತಿ ಉಡುಗಿಹೋಗಿರುತ್ತದೆ.

ಈ ಕಲೆಯನ್ನು ಪುಸ್ತಕದಿಂದ ಮಾತ್ರ ಕಲಿಯುವುದು ಅಸಾಧ್ಯ. ಅದು ಒಂದು ದೇಹದಿಂದ ಇನ್ನೊಂದು ದೇಹಕ್ಕೆ, ಹಿರಿಯರಿಂದ ಕಿರಿಯರಿಗೆ ದಾಟಬೇಕು. ನಿವೃತ್ತರಾದವರು ಹೇಳಿಕೊಡದೆ ಹೋದರೆ ಅವರು ಗಳಿಸಿದ್ದೆಲ್ಲವೂ ಅವರೊಡನೆಯೇ ಮಣ್ಣಾಗುತ್ತದೆ. ಆದುದರಿಂದ ನಿವೃತ್ತ ನರ್ತಕಿಯು ಒಳ್ಳೆಯ ಗುರುವಾಗುವಳೋ ಇಲ್ಲವೋ ಎಂಬುದು ಆಕೆಯೊಬ್ಬಳ ಜೀವನೋಪಾಯದ ಪ್ರಶ್ನೆಯಲ್ಲ, ಕಲೆಯ ಅಳಿವು ಉಳಿವಿನ ಪ್ರಶ್ನೆ.

ಬಡವರ ಮನೆಯ ಬಾಲಿಕೆ

ವಾಗನೋವಾ ಹುಟ್ಟಿದ್ದು 1879ನೆಯ ಇಸವಿ ಜೂನ್ 26ರಂದು, ಆಗ ರಷ್ಯಾದ ರಾಜಧಾನಿಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ತಂದೆ ಆರ್ಮೇನಿಯಾ ಮೂಲದವರು. ಸೈನ್ಯದಲ್ಲಿ ಕೆಳದರ್ಜೆಯ ಸೇವೆಯನ್ನು ಮುಗಿಸಿ, ಅನಂತರ ಅಲ್ಲಿಯ ಮಾರಿಯಿನ್‌ಸ್ಕಿ ನಾಟಕಶಾಲೆಯಲ್ಲಿ ಪ್ರೇಕ್ಷಕರಿಗೆ ಅವರವರ ಆಸನಗಳನ್ನು ತೋರಿಸುವ ಸೇವಕರಾಗಿದ್ದರು. ಶ್ರೀಮಂತರು ಬಂದು ಕುಳಿತು ನೋಡುವ ವೈಭವವನ್ನು ಬಾಗಿಲ ಬಳಿ ನಿಂತು ನೋಡುವ ವೃತ್ತಿ ಅವರದು. ಸಂಬಳ ಅಲ್ಪ, ಸಂಸಾರ ದೊಡ್ಡದು.

ಚಕ್ರವರ್ತಿಯ ಆಶ್ರಯದಲ್ಲಿದ್ದ ನೃತ್ಯಶಾಲೆಗೆ ಆಯ್ಕೆಯಾದ ಮಕ್ಕಳಿಗೆ ಊಟ, ವಸತಿ, ಬಟ್ಟೆ, ವಿದ್ಯೆ ಎಲ್ಲವೂ ಸರಕಾರದ ವೆಚ್ಚದಲ್ಲಿ ನಡೆಯುತ್ತಿದ್ದುವು. ಬಡ ತಂದೆತಾಯಿಗಳಿಗೆ ಅದೊಂದು ದೊಡ್ಡ ಆಸರೆ. 1889ರಲ್ಲಿ, ಹತ್ತು ವರ್ಷದವಳಾಗಿದ್ದಾಗ, ಅಗ್ರಿಪ್ಪಿನಾ ಆ ಶಾಲೆಯನ್ನು ಸೇರಿದಳು.

ಶಾಲೆ ಉತ್ತಮವಾದುದೇ. ಲೆವ್ ಇವಾನೊವ್, ಎಕತೆರಿನಾ ವಾಜೆಮ್, ಕ್ರಿಶ್ಚಿಯನ್ ಯೊಹಾನ್ಸನ್, ಪಾವೆಲ್ ಗೆರ್ಟ್ ಮೊದಲಾದ ಪ್ರಸಿದ್ಧರು ಅಲ್ಲಿಯ ಗುರುಗಳಾಗಿದ್ದರು. ಆದರೆ ಬಾಲಿಕೆಯ ಮೈಕಟ್ಟು ಬ್ಯಾಲೆಗೆ ಅಷ್ಟಾಗಿ ಒಗ್ಗುವಂಥದಾಗಿರಲಿಲ್ಲ. ಗಿಡ್ಡನೆಯ, ಗಟ್ಟಿಮುಟ್ಟಾದ ದೇಹ; ಮಾಂಸಲವಾದ ಕಾಲುಗಳು; ಬಳುಕಲು ಒಪ್ಪದ ತೋಳುಗಳು. ಇದ್ದ ವರವೆಂದರೆ ಎತ್ತರಕ್ಕೆ ನೆಗೆಯುವ ಬಲ ಮತ್ತು ಸೋಲದ ಹಟ. ಜತೆಯವರಿಗೆ ಒಂದು ವಾರದಲ್ಲಿ ಬರುತ್ತಿದ್ದುದು ಆಕೆಗೆ ತಿಂಗಳುಗಟ್ಟಲೆ ದುಡಿದ ಮೇಲೆ ಬರುತ್ತಿದ್ದಿತು.

ರಂಗದ ಮೇಲೆ ಹತ್ತೊಂಬತ್ತು ವರ್ಷ

1897ರಲ್ಲಿ ಶಾಲೆಯನ್ನು ಮುಗಿಸಿದ ವಾಗನೋವಾ, ತಂದೆ ಸೇವಕರಾಗಿದ್ದ ಮಾರಿಯಿನ್‌ಸ್ಕಿ ರಂಗದಲ್ಲಿಯೇ ನರ್ತಕಿಯಾಗಿ ನೇಮಕಗೊಂಡರು. ಮೊದಲು ಸಿಕ್ಕಿದ್ದು ಗುಂಪಿನಲ್ಲಿ ಕುಣಿಯುವ ಸ್ಥಾನ. ಅಲ್ಲಿಂದ ಮೇಲಕ್ಕೆ ಏರುವುದು ಕಚೇರಿಯ ಗುಮಾಸ್ತನೊಬ್ಬನು ಮೆಟ್ಟಲು ಮೆಟ್ಟಲಾಗಿ ಬಡ್ತಿಗೆ ಕಾದಂತೆ. ಆಗ ಬ್ಯಾಲೆಯ ಸರ್ವಾಧಿಕಾರಿಯಾಗಿದ್ದವರು ವೃದ್ಧ ಮಾರಿಯಸ್ ಪೆಟಿಪಾ. ಅವರಿಗೆ ಈಕೆಯ ನೃತ್ಯ ರುಚಿಸಲಿಲ್ಲ. ದೊಡ್ಡವರ ಕೃಪೆಯಾಗಲಿ, ಅರಮನೆಯ ಪ್ರಭಾವವಾಗಲಿ ಬೆನ್ನಿಗಿರಲಿಲ್ಲ. ಸಮಕಾಲೀನರಾದರೋ ಸಾಮಾನ್ಯರಲ್ಲ. ಎರಡು ವರ್ಷ ತಡವಾಗಿ ಶಾಲೆಯನ್ನು ಮುಗಿಸಿ ಬಂದ ಅನ್ನಾ ಪಾವ್ಲೋವಾ ಕೆಲವೇ ವರ್ಷಗಳಲ್ಲಿ ಪ್ರಥಮ ನರ್ತಕಿಯ ಪದವಿಗೇರಿದರು. ಅನಂತರ ಬಂದ ತಮಾರಾ ಕರ್ಸಾವಿನಾ ಸಹ ಈಕೆಯನ್ನು ದಾಟಿಹೋದರು.

ಬ್ಯಾಲೆಯಲ್ಲಿ ಕಥೆಯ ನಡುವೆ ಒಬ್ಬಳೇ ನರ್ತಕಿ ಬಂದು ಒಂದೆರಡು ನಿಮಿಷ ತನ್ನ ಚಾತುರ್ಯವನ್ನೆಲ್ಲ ತೋರಿಸುವ ಬಿಡಿ ನೃತ್ಯಗಳಿರುತ್ತವೆ. ಇವುಗಳಿಗೆ ವೇರಿಯೇಷನ್ ಎಂದು ಹೆಸರು. ಕ್ರಮೇಣ ವಾಗನೋವಾ ಇವುಗಳಲ್ಲಿ ಅಸಾಧಾರಣ ಪ್ರಭುತ್ವವನ್ನು ಪಡೆದರು. ಆಕೆಯ ನೆಗೆತ, ಗಾಳಿಯಲ್ಲಿ ಕಾಲುಗಳನ್ನು ತಾಗಿಸುವ ಚುರುಕು, ನಡೆಯ ಸ್ಪಷ್ಟತೆ ಇವುಗಳನ್ನು ಕಂಡ ವಿಮರ್ಶಕರು ಆಕೆಗೆ ವೇರಿಯೇಷನ್‌ಗಳ ರಾಣಿ ಎಂಬ ಬಿರುದನ್ನಿತ್ತರು. ಬಿರುದು ದೊಡ್ಡದೇ, ಆದರೆ ಅದರಲ್ಲಿ ಒಂದು ಮುಳ್ಳೂ ಇತ್ತು. ರಾಣಿಯ ರಾಜ್ಯ ಎರಡು ನಿಮಿಷದ್ದು. ಇಡೀ ಕಥೆಯನ್ನು ಹೊರುವ ನಾಯಿಕೆಯ ಪಾತ್ರ ಮಾತ್ರ ಬೇರೆಯವರಿಗೆ ಹೋಗುತ್ತಿತ್ತು.

ಈ ಕಹಿಯೇ ಆಕೆಯನ್ನು ವಿಚಾರಕ್ಕೆ ಹಚ್ಚಿತು. ಶಾಲೆಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ನಿಷ್ಠೆಯಿಂದ ಮಾಡಿದರೂ ತನ್ನ ದೇಹ ಏಕೆ ಒಲಿಯುತ್ತಿಲ್ಲ? ಆಗ ಪೀಟರ್ಸ್‌ಬರ್ಗಿನಲ್ಲಿ ಎರಡು ಪದ್ಧತಿಗಳಿದ್ದುವು. ಫ್ರೆಂಚ್ ಪದ್ಧತಿಯಲ್ಲಿ ಲಾಲಿತ್ಯ ಹೇರಳ, ಬಿಗಿ ಕಡಿಮೆ. ಇಟಲಿಯಿಂದ ಬಂದ ಪದ್ಧತಿಯಲ್ಲಿ ಬಿಗಿ ಹೇರಳ, ಲಾಲಿತ್ಯ ಕಡಿಮೆ. ಇಟಲಿಯ ಪಿಯೆರಿನಾ ಲೆನ್ಯಾನಿ ಎಂಬಾಕೆ ಒಂದೇ ಕಾಲಿನ ತುದಿಯ ಮೇಲೆ ನಿಂತು ಒಂದೇ ಸಮನೆ 32 ಸುತ್ತು ತಿರುಗಿ ಆ ನಗರವನ್ನು ಬೆರಗುಗೊಳಿಸಿದ್ದು 1893ರಲ್ಲಿ, ವಾಗನೋವಾ ವಿದ್ಯಾರ್ಥಿನಿಯಾಗಿದ್ದಾಗ. ಇತರರು ಬೆರಗಾಗಿ ಚಪ್ಪಾಳೆ ತಟ್ಟಿದರು. ವಾಗನೋವಾ ಇಟಲಿಯವರ ಬಲದ ಮೂಲವನ್ನು ಹುಡುಕತೊಡಗಿದರು. ಇಟಲಿಯ ಗುರು ಎನ್ರಿಕೊ ಚೆಕ್ಕೆತ್ತಿಯವರ ಪಾಠಕ್ರಮವನ್ನು ಗಮನಿಸಿದರು. ಚೆಕ್ಕೆತ್ತಿಯವರಲ್ಲಿ ಅಭ್ಯಾಸ ಮಾಡಿದ್ದ ಹಿರಿಯ ನರ್ತಕಿ ಓಲ್ಗಾ ಪ್ರಿಯೊಬ್ರಜೆನ್‌ಸ್ಕಾಯಾ ಅವರಲ್ಲಿ ಸ್ವತಃ ಪಾಠ ಹೇಳಿಸಿಕೊಂಡರು. ರಂಗದ ಮೇಲೆ ಸಂಬಳ ಪಡೆಯುವ ನರ್ತಕಿಯಾದ ಮೇಲೂ ಮತ್ತೆ ಶಿಷ್ಯೆಯಾಗಲು ಆಕೆ ಸಂಕೋಚಪಡಲಿಲ್ಲ. ಬಲವೆಲ್ಲ ಬೆನ್ನಿನಲ್ಲಿದೆ, ತೋಳುಗಳು ಅಲಂಕಾರಕ್ಕಷ್ಟೇ ಅಲ್ಲದೆ ನೆಗೆತಕ್ಕೂ ತಿರುವಿಗೂ ನೆರವಾಗಬೇಕು ಎಂಬ ಸತ್ಯಗಳನ್ನು ಆಕೆ ತನ್ನ ದೇಹದ ಮೇಲೆಯೇ ಪ್ರಯೋಗ ಮಾಡಿ ಕಂಡುಕೊಂಡರು.

ಕೊನೆಗೊಮ್ಮೆ ಹಂಸ ಸರೋವರದಂಥ ಬ್ಯಾಲೆಗಳಲ್ಲಿ ನಾಯಿಕೆಯ ಪಾತ್ರ ದೊರೆಯಿತು. ಬ್ಯಾಲೆರಿನಾ ಎಂಬ ಅತ್ಯುನ್ನತ ಪದವಿ ದೊರೆತದ್ದು 1915ರಲ್ಲಿ. ಅಂದಿನ ನಿಯಮದಂತೆ ನರ್ತಕಿಯರು ಇಪ್ಪತ್ತು ವರ್ಷದ ಸೇವೆಗೆ ನಿವೃತ್ತರಾಗಬೇಕು. 1916ರ ಜನವರಿಯಲ್ಲಿ, 36ನೆಯ ವಯಸ್ಸಿನಲ್ಲಿ, ವಾಗನೋವಾ ರಂಗಕ್ಕೆ ವಿದಾಯ ಹೇಳಿದರು.

ಬಿರುಗಾಳಿ

ವಿದಾಯದ ಮರುವರ್ಷವೇ ಕ್ರಾಂತಿ ಬಂದಿತು. ಪಿಂಚಣಿ ನೀಡಬೇಕಾಗಿದ್ದ ಸಾಮ್ರಾಜ್ಯವೇ ಉರುಳಿಹೋಯಿತು. ಆ 1917ರ ಕೊನೆಯಲ್ಲಿ ಆಕೆಯ ಜೀವನಸಂಗಾತಿ ಆಂದ್ರೇ ಪೊಮೆರಾಂತ್ಸೆವ್ ತನ್ನ ಮೇಲೆ ತಾನೇ ಗುಂಡು ಹಾರಿಸಿಕೊಂಡು ಸತ್ತರು. ಹದಿಮೂರು ವರ್ಷದ ಮಗ, ಬರಿದಾದ ಮನೆ, ನಗರದಲ್ಲಿ ಹಸಿವು ಮತ್ತು ಚಳಿ. ಚಕ್ರವರ್ತಿಯ ರಂಗದ ಬ್ಯಾಲೆರಿನಾ ಆಗಿದ್ದಾಕೆ ಹೊಟ್ಟೆಪಾಡಿಗಾಗಿ ಅಗ್ಗದ ವಿನೋದಶಾಲೆಗಳಲ್ಲಿ ಕುಣಿದರು. ಸಿನೇಮಾ ಮಂದಿರಗಳಲ್ಲಿ ಚಿತ್ರ ಆರಂಭವಾಗುವ ಮುನ್ನ ಕುಣಿದರು. ನಾಲ್ಕು ಕಾಸಿಗಾಗಿ ಪರಸ್ಥಳದಲ್ಲಿ ಯಾವ ಕೆಲಸಕ್ಕೂ ಹಿಂಜರಿಯದೆ ದುಡಿದಿರುವ ನಮ್ಮ ಜನಕ್ಕೆ ಈ ಅವಸ್ಥೆಯ ಅರ್ಥವಾದೀತು.

ಇಂಥ ಕಾಲದಲ್ಲಿ ಪಾಠ ಹೇಳುವ ಕೆಲಸ ಕೈಗೆ ಬಂದಿತು. ಅಕಿಮ್ ವೊಲಿನ್‌ಸ್ಕಿ ಎಂಬ ನೃತ್ಯವಿಮರ್ಶಕರು ನಡೆಸುತ್ತಿದ್ದ ಶಾಲೆಯಲ್ಲಿ ಆಕೆ ಮೊದಲು ಉಪಾಧ್ಯಾಯಿನಿಯಾದರು. ಅನಂತರ 1921ರಲ್ಲಿ, ತಾವು ಬಾಲ್ಯದಲ್ಲಿ ಕಲಿತ ಶಾಲೆಯಲ್ಲಿಯೇ, ಸರಕಾರದ ವಶಕ್ಕೆ ಬಂದಿದ್ದ ಆ ಹಳೆಯ ಕಟ್ಟಡದಲ್ಲಿಯೇ, ಗುರುವಾಗಿ ಕಾಲಿಟ್ಟರು. ಆಗ ಬ್ಯಾಲೆಯ ಭವಿಷ್ಯವೇ ತೂಗುಯ್ಯಾಲೆಯಲ್ಲಿತ್ತು. ಇದು ರಾಜಮಹಾರಾಜರ ವಿಲಾಸ, ಹೊಸ ಸಮಾಜಕ್ಕೆ ಇದೇಕೆ ಎಂದು ವಾದಿಸುವವರು ಬಹಳವಿದ್ದರು. ಹೆಸರಾಂತ ನರ್ತಕ ನರ್ತಕಿಯರು ಅನೇಕರು ದೇಶವನ್ನೇ ಬಿಟ್ಟುಹೋಗಿದ್ದರು. ಉಳಿದವರು ಕಲಿಸಬೇಕು, ಇಲ್ಲವಾದರೆ ನೂರೈವತ್ತು ವರ್ಷಗಳಿಗೂ ಮೀರಿದ ಪರಂಪರೆ ಕಡಿದುಹೋಗಬೇಕು. ವಾಗನೋವಾ ಉಳಿದರು, ಕಲಿಸಿದರು.

ಆಕೆಯ ಪಾಠಕ್ರಮ

ವಾಗನೋವಾ ಅವರ ತರಗತಿಯ ವೈಶಿಷ್ಟ್ಯವೇನು? ಮೊದಲನೆಯದಾಗಿ, ಪಾಠವು ಮೊದಲೇ ಯೋಚಿಸಿ ಸಿದ್ಧಪಡಿಸಿದ್ದಾಗಿರುತ್ತಿತ್ತು. ಅಂದು ತೋಚಿದ್ದನ್ನು ಹೇಳುವ ಪದ್ಧತಿ ಅಲ್ಲಿರಲಿಲ್ಲ. ಮೊದಲ ವರ್ಷದಲ್ಲಿ ಕಲಿತ ಸರಳವಾದ ಚಲನೆಯೇ ಎಂಟನೆಯ ವರ್ಷದ ಕಠಿನವಾದ ನೆಗೆತಕ್ಕೆ ಅಸ್ತಿಭಾರವಾಗುವಂತೆ ಇಡೀ ಶಿಕ್ಷಣವನ್ನು ಒಂದೇ ಕಟ್ಟಡವಾಗಿ ಕಟ್ಟಿದರು.

ಎರಡನೆಯದಾಗಿ, ಫ್ರೆಂಚ್ ಪದ್ಧತಿಯ ಲಾಲಿತ್ಯ, ಇಟಲಿಯ ಪದ್ಧತಿಯ ಬಲ, ರಷ್ಯನ್ನರ ಭಾವಪೂರ್ಣತೆ ಇವು ಮೂರನ್ನೂ ಆಕೆ ಬೆಸೆದರು. ಕಾಲು ಒಂದು ಕಡೆ, ಕೈ ಒಂದು ಕಡೆ ಎಂಬ ಮಾತಿಲ್ಲ. ತಲೆ, ಹೆಗಲು, ಬೆನ್ನು, ತೋಳು, ಪಾದ ಇವೆಲ್ಲ ಒಂದೇ ಉಸಿರಿನಲ್ಲಿ ಚಲಿಸಬೇಕು.

ಮೂರನೆಯದೇ ನಮ್ಮ ಪ್ರಶ್ನೆಗೆ ಹತ್ತಿರವಾದುದು. ಶಿಷ್ಯೆಯು ಮಾಡಿದರಷ್ಟೇ ಸಾಲದು, ಮಾಡಿದ್ದೇಕೆಂಬುದನ್ನು ಅರಿತಿರಬೇಕು. ತಿರುವು ತಪ್ಪಿದರೆ, ಇನ್ನೊಮ್ಮೆ ಮಾಡು ಎಂದು ಗದರಿ ಕಳುಹಿಸುವುದು ಸುಲಭ. ವಾಗನೋವಾ ಅವರಿಗೆ ಅದು ಸಮ್ಮತವಲ್ಲ. ತಪ್ಪಿದ್ದು ಭುಜದಲ್ಲೋ, ಬೆನ್ನಿನಲ್ಲೋ, ನೆಲವನ್ನು ಒತ್ತಿದ ಹಿಮ್ಮಡಿಯಲ್ಲೋ ಎಂಬುದನ್ನು ಆಕೆ ಕಂಡುಹಿಡಿದು ತೋರಿಸುತ್ತಿದ್ದರು. ಶಿಷ್ಯೆಯೂ ಅದನ್ನು ತಿಳಿದು ವಿವರಿಸಬಲ್ಲವಳಾಗಬೇಕೆಂದು ಬಯಸುತ್ತಿದ್ದರು. ಆಕೆ ಕಟುವಾದ ಗುರುವೆಂದು ಹೆಸರಾಗಿದ್ದರು. ಆದರೆ ಆ ಕಟುತ್ವದ ಹಿಂದೆ, ತಾನು ಇಪ್ಪತ್ತು ವರ್ಷ ಕತ್ತಲಲ್ಲಿ ತಡಕಾಡಿ ಕಂಡದ್ದನ್ನು ಈ ಮಕ್ಕಳು ಎಂಟು ವರ್ಷಗಳಲ್ಲಿ ಬೆಳಕಿನಲ್ಲಿಯೇ ಕಾಣಲಿ ಎಂಬ ತವಕವಿದ್ದಿತು. ತನ್ನ ಒಂದೊಂದು ದೋಷವನ್ನೂ ಹೆಸರು ಹಿಡಿದು ಗುರುತಿಸಿ ಜಯಿಸಿದ್ದವರಿಗೆ ಇನ್ನೊಬ್ಬರ ದೋಷ ಕಾಣುವುದು ತಡವಾಗುವುದಿಲ್ಲ.

1931ರಿಂದ 1937ರವರೆಗೆ ಲೆನಿನ್‌ಗ್ರಾಡ್ ಎಂದು ಹೆಸರಾಗಿದ್ದ ಆ ನಗರದ ಬ್ಯಾಲೆ ತಂಡಕ್ಕೆ ಆಕೆಯೇ ಮುಖ್ಯಸ್ಥೆ. 1933ರಲ್ಲಿ ಹಂಸ ಸರೋವರವನ್ನೂ, 1935ರಲ್ಲಿ ಎಸ್ಮೆರಾಲ್ಡಾವನ್ನೂ ಹೊಸದಾಗಿ ರಂಗಕ್ಕೆ ತಂದರು. ಇದರ ನಡುವೆ 1934ರಲ್ಲಿ ಶಾಸ್ತ್ರೀಯ ನೃತ್ಯದ ಮೂಲತತ್ತ್ವಗಳನ್ನು ಕುರಿತ ಆಕೆಯ ಗ್ರಂಥ ಪ್ರಕಟವಾಯಿತು. ಅನೇಕ ಭಾಷೆಗಳಿಗೆ ಅನುವಾದವಾದ ಆ ಗ್ರಂಥವನ್ನು ಇಂದಿಗೂ ಬ್ಯಾಲೆಯ ಉಪಾಧ್ಯಾಯರು ಬಳಸುತ್ತಾರೆ. ಮಹಾಯುದ್ಧದಲ್ಲಿ ಲೆನಿನ್‌ಗ್ರಾಡಿಗೆ ಮುತ್ತಿಗೆ ಬಿದ್ದಾಗ ರಂಗತಂಡವೂ ಶಾಲೆಯೂ ಉರಲ್ ಪರ್ವತಗಳ ಕಡೆಯ ಪೆರ್ಮ್ ಪ್ರದೇಶಕ್ಕೆ ಹೋಗಬೇಕಾಯಿತು. ಅಲ್ಲಿಯೂ ನೃತ್ಯಶಿಕ್ಷಣ ನಿಲ್ಲಲಿಲ್ಲ. 1946ರಲ್ಲಿ ಆಕೆಗೆ ಪ್ರೊಫೆಸರ್ ಪದವಿ ದೊರೆಯಿತು. 1951ರ ನವೆಂಬರ್ 5ರಂದು, 72ನೆಯ ವಯಸ್ಸಿನಲ್ಲಿ, ವಾಗನೋವಾ ತೀರಿಕೊಂಡರು. 1957ರಲ್ಲಿ ಆ ಶಾಲೆಗೆ ಆಕೆಯ ಹೆಸರನ್ನೇ ಇಡಲಾಯಿತು. ಆಸನ ತೋರಿಸುವ ಸೇವಕನ ಮಗಳ ಹೆಸರು ಚಕ್ರವರ್ತಿಯ ಶಾಲೆಗೆ ನಿಂತಿತು.

ಶಿಷ್ಯರು

ಗುರುವಿನ ಯೋಗ್ಯತೆಗೆ ಶಿಷ್ಯರೇ ಸಾಕ್ಷಿ. 1925ರಲ್ಲಿ ಮರೀನಾ ಸೆಮ್ಯೊನೋವಾ, 1928ರಲ್ಲಿ ಗಲೀನಾ ಉಲಾನೋವಾ ಮತ್ತು ತತ್ಯಾನಾ ವೆಚೆಸ್ಲೋವಾ, 1931ರಲ್ಲಿ ನತಾಲಿಯಾ ದುದಿನ್‌ಸ್ಕಾಯಾ, ಕೊನೆಗೆ 1951ರಲ್ಲಿ ಇರೀನಾ ಕೊಲ್ಪಕೋವಾ ಹೀಗೆ ಒಬ್ಬರ ಹಿಂದೆ ಒಬ್ಬರು ಆಕೆಯ ತರಗತಿಯಿಂದ ಹೊರಬಂದರು. ಸೆಮ್ಯೊನೋವಾ ಗಂಡೆದೆಯ, ಭವ್ಯವಾದ ನರ್ತಕಿ; ಉಲಾನೋವಾ ಮೆಲುನುಡಿಯಂತೆ ಮನಸ್ಸನ್ನು ಮುಟ್ಟುವವರು; ದುದಿನ್‌ಸ್ಕಾಯಾ ಮಿಂಚಿನ ವೇಗದವರು. ಒಬ್ಬರು ಇನ್ನೊಬ್ಬರ ಪ್ರತಿಯಾಗಿರಲಿಲ್ಲ. ಗುರುವಿನ ಪ್ರತಿಯಂತೂ ಮೊದಲೇ ಅಲ್ಲ. ತನ್ನಂತೆಯೇ ಕುಣಿಯಬೇಕೆಂದು ಶಿಷ್ಯರನ್ನು ಅಚ್ಚಿಗೆ ಹಾಕುವ ಆಸೆ ಹೆಸರಾಂತ ಕಲಾವಿದರನ್ನು ಸುಲಭವಾಗಿ ಹಿಡಿಯುತ್ತದೆ. ವಾಗನೋವಾ ಆ ಮೋಹಕ್ಕೆ ಬೀಳಲಿಲ್ಲ.

ಇಲ್ಲಿ ವಾಚಕರು ಒಂದು ಸಂದೇಹವನ್ನು ಎತ್ತಬಹುದು. ವಾಗನೋವಾ ತಡವಾಗಿ, ಕಷ್ಟಪಟ್ಟು ಮೇಲೆ ಬಂದವರು. ಆದುದರಿಂದ ಒಳ್ಳೆಯ ಗುರುವಾದರು. ಹಾಗಾದರೆ ಹುಟ್ಟು ಪ್ರತಿಭೆಯ ಮಹಾನರ್ತಕಿಯರ ಗತಿಯೇನು? ಅವರಿಗೆ ಕಲಿಸಲು ಬರುವುದಿಲ್ಲವೆ?

ಅನ್ನಾ ಪಾವ್ಲೋವಾ ಅವರನ್ನು ನೋಡೋಣ. ಈ ಹೆಸರು ನಮ್ಮ ದೇಶಕ್ಕೂ ಪರಿಚಿತ. ಆಕೆ ತನ್ನ ತಂಡದೊಡನೆ ಭಾರತಕ್ಕೂ ಬಂದಿದ್ದರು. ನಮ್ಮ ಉದಯ ಶಂಕರರು 1923ರಲ್ಲಿ ಲಂಡನ್ನಿನಲ್ಲಿ ಆಕೆಯ ಜತೆಗೆ ರಾಧಾಕೃಷ್ಣರ ನೃತ್ಯವನ್ನು ಮಾಡಿದ್ದರು. ಲೋಕವೆಲ್ಲ ಸುತ್ತಿ ಜನರನ್ನು ಮರುಳುಗೊಳಿಸಿದ ಆ ನರ್ತಕಿ 1931ರಲ್ಲಿ, ಇನ್ನೂ ಕುಣಿಯುತ್ತಿರುವಾಗಲೇ, ತೀರಿಕೊಂಡರು. ಆಕೆ ಲಂಡನ್ನಿನ ತನ್ನ ಮನೆಯಲ್ಲಿ ಕೆಲವರಿಗೆ ಪಾಠ ಹೇಳಿದ್ದುಂಟು. ಆದರೆ ಆಕೆಯ ಹೆಸರಿನ ಪದ್ಧತಿಯೆಂಬುದೊಂದು ಉಳಿಯಲಿಲ್ಲ. ಆಕೆ ಎಬ್ಬಿಸಿದ ಪ್ರೇರಣೆ ಅಪಾರ, ಬಿಟ್ಟುಹೋದ ಶಾಸ್ತ್ರ ಅಲ್ಪ. ವಾಗನೋವಾ ಅವರಿಗೆ ಪಾಠ ಹೇಳಿದ ಪ್ರಿಯೊಬ್ರಜೆನ್‌ಸ್ಕಾಯಾ ಅವರ ಕಥೆ ಇದಕ್ಕೆ ವಿರುದ್ಧವಾದುದು. ಬಾಲ್ಯದಲ್ಲಿ ಬೆನ್ನು ಸೊಟ್ಟಗಿದ್ದ, ದುರ್ಬಲ ದೇಹದ ಆಕೆ ಛಲದಿಂದ ಪ್ರಥಮ ಸ್ಥಾನಕ್ಕೇರಿದವರು. ದೇಶ ಬಿಟ್ಟ ಮೇಲೆ ಪ್ಯಾರಿಸಿನಲ್ಲಿ ದಶಕಗಟ್ಟಲೆ ಪಾಠ ಹೇಳಿ, ತಮಾರಾ ತುಮಾನೋವಾ, ಇರೀನಾ ಬರೋನೋವಾ ಮೊದಲಾದವರನ್ನು ತಯಾರು ಮಾಡಿದರು.

ಆದರೂ ಹುಟ್ಟು ಪ್ರತಿಭೆಯವರು ಗುರುಗಳಾಗಲಾರರೆಂದು ಹೇಳುವಂತಿಲ್ಲ. ವಾಗನೋವಾ ಅವರ ಶಿಷ್ಯೆಯರೇ ಆ ಮಾತನ್ನು ಸುಳ್ಳು ಮಾಡಿದ್ದಾರೆ. ಸೆಮ್ಯೊನೋವಾ 1952ರಲ್ಲಿ ರಂಗದಿಂದ ನಿವೃತ್ತರಾಗಿ, ಮಾಸ್ಕೋದ ಬೊಲ್ಶೊಯ್ ರಂಗದಲ್ಲಿ ತೊಂಬತ್ತು ದಾಟುವವರೆಗೂ ಶಿಷ್ಯರನ್ನು ತಿದ್ದಿದರು. ಉಲಾನೋವಾ 1960ರಲ್ಲಿ ಕುಣಿತವನ್ನು ನಿಲ್ಲಿಸಿದರು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವುದು ಒಂದು ಕೆಲಸ. ಈಗಾಗಲೇ ಕಲಿತು ಬಂದ ನರ್ತಕಿಗೆ ಒಂದು ಪಾತ್ರವನ್ನು ಒಳಗಿನಿಂದ ಅರ್ಥಮಾಡಿಸಿ ಸಿದ್ಧಗೊಳಿಸುವುದು ಇನ್ನೊಂದು ಕೆಲಸ. ಉಲಾನೋವಾ ಆರಿಸಿಕೊಂಡದ್ದು ಎರಡನೆಯದನ್ನು. ತಾವು ಜಗತ್ಪ್ರಸಿದ್ಧಗೊಳಿಸಿದ್ದ ಜಿಸೆಲ್ ಪಾತ್ರಕ್ಕೆ 1960ರಲ್ಲಿ ತರುಣಿ ಎಕತೆರಿನಾ ಮಕ್ಸೀಮೋವಾ ಅವರನ್ನು ಸಿದ್ಧಪಡಿಸಿದರು. ಅನಂತರ ಲ್ಯುದ್ಮಿಲಾ ಸೆಮೆನ್ಯಾಕಾ, ನಿಕೊಲಾಯ್ ತ್ಸಿಸ್ಕರೀದ್ಜೆ ಮೊದಲಾದವರಿಗೆ ಮಾರ್ಗದರ್ಶಕರಾದರು. 1998ರಲ್ಲಿ ಸಾಯುವ ತನಕ ಈ ಕಾರ್ಯ ನಡೆದೇ ಇತ್ತು. ದುದಿನ್‌ಸ್ಕಾಯಾ ಅವರು ತಯಾರು ಮಾಡಿದ ಉಲ್ಯಾನಾ ಲೊಪಾತ್ಕಿನಾ 1991ರಲ್ಲಿ ಅದೇ ಶಾಲೆಯಿಂದ ಹೊರಬಂದರು. ಕೊಲ್ಪಕೋವಾ ಸಮುದ್ರ ದಾಟಿ ಅಮೆರಿಕದ ತರುಣ ತರುಣಿಯರಿಗೆ ಅದೇ ವಿದ್ಯೆಯನ್ನು ಮುಟ್ಟಿಸಿದರು.

ನಾವು ಕಾಣುವ ಉತ್ತರ

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಮೊದಲ ಪ್ರಶ್ನೆಗೆ ನಮಗೆ ತೋರುವ ಉತ್ತರ ಹೀಗಿದೆ. ರಂಗದ ಮೇಲಿನ ಕೀರ್ತಿಯು ಗುರುತ್ವಕ್ಕೆ ಆಧಾರವೂ ಅಲ್ಲ, ಅಡ್ಡಿಯೂ ಅಲ್ಲ. ಚಪ್ಪಾಳೆ ಕೇಳಿದ ಕಿವಿ ಶಿಷ್ಯರ ಕಷ್ಟವನ್ನು ಕೇಳಲು ಸಿದ್ಧವಾಗಬೇಕು. ತನಗೆ ಬಂದದ್ದು ಹೇಗೆ ಬಂದಿತೆಂದು ವಿಚಾರ ಮಾಡಿರಬೇಕು. ಎದುರಿಗೆ ನಿಂತ ಹುಡುಗಿಯ ಮೈಕಟ್ಟು ತನ್ನದಲ್ಲ, ಮನಸ್ಸೂ ತನ್ನದಲ್ಲ ಎಂಬ ನೆನಪಿರಬೇಕು. ವಾಗನೋವಾ ಅವರಿಗೆ ಈ ಮೂರನ್ನೂ ಕಲಿಸಿದ್ದು ಅವರ ಸೋಲುಗಳು. ಸೆಮ್ಯೊನೋವಾ, ಉಲಾನೋವಾ ಅವರಿಗೆ ಅಂಥ ಸೋಲುಗಳು ಬರಲಿಲ್ಲ. ಆದರೆ ಏಕೆ ಎಂದು ಕೇಳುವ ಅಭ್ಯಾಸವನ್ನು ಎಳೆತನದಲ್ಲಿಯೇ ಅವರಲ್ಲಿ ನೆಟ್ಟ ಗುರು ಇದ್ದರು. ಮಹಾನರ್ತಕಿಯರು ಒಳ್ಳೆಯ ಗುರುಗಳಾದುದು ಅವರಿಗೂ ಒಬ್ಬ ಒಳ್ಳೆಯ ಗುರು ದೊರೆತಿದ್ದರಿಂದ.

ಆ ಗುರುವಿಗೆ ತನ್ನ ಪಾಲಿನ ಪದವಿ ದೊರೆತಾಗ ರಂಗದ ಮೇಲೆ ಕೆಲವು ತಿಂಗಳು ಮಾತ್ರ ಉಳಿದಿದ್ದುವು. ಆಕೆ ಅದನ್ನು ಕೊರಗುತ್ತ ಕೂರಲಿಲ್ಲ. ಮೂವತ್ತಾರಕ್ಕೆ ಮುಗಿಯಿತೆಂದು ಲೋಕ ತಿಳಿದ ಬಾಳಿನಲ್ಲಿ ಮತ್ತೆ ಮೂವತ್ತೈದು ವರ್ಷಗಳ ಆಯುಸ್ಸಿತ್ತು. ಅದರ ಬಹುಭಾಗವನ್ನು ಆಕೆ ಪಾಠ ಹೇಳುತ್ತ ಕಳೆದರು. ಪರಸ್ಥಳದ ಹೊಟೇಲಿನಲ್ಲಿ, ಕಚೇರಿಯಲ್ಲಿ, ಇಪ್ಪತ್ತು ಮೂವತ್ತು ವರ್ಷ ದುಡಿದು ಕೈಪಳಗಿಸಿಕೊಂಡು, ತಕ್ಕ ಮನ್ನಣೆ ಕಾಣದೆ ಊರಿಗೆ ಹಿಂತಿರುಗುವ ದಿನವನ್ನೆಣಿಸುತ್ತಿರುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಬಳಿಯಲ್ಲಿಯೇ ಹೊಸ ಹುಡುಗರು ನಿಂತು ಕೆಲಸವನ್ನು ನೋಡುತ್ತಿದ್ದಾರೆ. ಹೊರಡುವ ಮುನ್ನ ಅವರಿಗೆ ಏಕೆ ಎಂಬುದನ್ನು ಹೇಳಿ ಹೊರಡಿರಿ ಎಂದು ಮಾತ್ರ ನಾವು ವಿನಂತಿಸುತ್ತೇವೆ.